ಅಂಕಣದ ಮನೆಗೆ ಸಿಎಫ್‌ಟಿ ಲೆಕ್ಕ

ಯುಗಾದಿ ಮುಗಿದ ಮಾರನೇ ವಾರ ಚಿತ್ರದುರ್ಗದ ನಮ್ಮ ದೊಡ್ಡಪ್ಪನ ಮನೆಗೆ ಹಳೇ ಮರದ ವ್ಯಾಪಾರಿಯೊಬ್ಬರು ಬಂದರು. ಕೋಟೆ ಕೆಳಗಿನ ಹಳೇ ಪೇಟೆಯ ಮನೆ ಅದು. ದೊಡ್ಡಮ್ಮ ಮಜ್ಜಿಗೆ ತಂದು ಕೊಡುವಷ್ಟರಲ್ಲಿ ಅವರು ಟೇಪು ಹಿಡಿದು ಪಡಸಾಲೆಯ ಕಂಬ ಅಳೆದಾಗಿತ್ತು. ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದರು, ಉಗುರಿನಿಂದ ಸ್ವಲ್ಪ ಕೆರೆದು ಮೂಸಿದರು, ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಕಂಬ ಒಂದು 8 ಇಂಚು ಅಗಲ, 8 ಇಂಚು ದಪ್ಪ, 8 ಅಡಿ ಎತ್ತರ. ಅಂದರೆ ಕಂಬಕ್ಕೆ ಸುಮಾರು ಮೂರೂವರೆ ಸಿಎಫ್‌ಟಿ, ಅಂದರೆ ಮೂರೂವರೆ ಘನ ಅಡಿ. ಹನ್ನೆರಡು ಕಂಬಕ್ಕೆ ನಲವತ್ತೆರಡು ಚಿಲ್ಲರೆ. ತೊಲೆ, ಬಾಗಿಲು, ಬಾಗಿಲವಾಡ ಬೇರೆ. "ಒಳ್ಳೇ ಸಾಗುವಾನಿ ಐತೆ ಯಜಮಾನ್ರೆ, ಯೋಚ್ನೆ ಮಾಡಿ" ಅಂತ ಹೇಳಿ ಮಜ್ಜಿಗೆ ಕುಡಿದು ಹೋದರು.

ಅವರು ಹೇಳಿದ ಮೊತ್ತ ಕಡಿಮೆಯೇನೂ ಇರಲಿಲ್ಲ. ಅವರು ಹೋದ ಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿ, "ಅವ್ನು ಮರಕ್ಕೆ ಬೆಲೆ ಹೇಳ್ದ. ಮನೆಗೆ ಬೆಲೆ ಐತೋ ಇಲ್ವೋ, ನೀನು ಓದ್ದೋನು ಹೇಳು" ಅಂದರು. ನಾನು ಪರಂಪರೆ, ಪಾರಂಪರಿಕ ಕಟ್ಟಡ ಅಂತೆಲ್ಲ ಏನೇನೋ ಹೇಳಿದೆ. "ಅದೇ, ಹಂಗಂದ್ರೆ ಏನು, ಬಿಡ್ಸಿ ಹೇಳು" ಅಂದರು. ನನಗೆ ಬಿಡಿಸಿ ಹೇಳಲು ಬರಲಿಲ್ಲ. ಆಮೇಲೆ ಒಂದು ವರ್ಷ ಓದಿ, ಮರಗೆಲಸದ ಆಚಾರ್ರನ್ನು ಕೇಳಿ, ಮಾಳಿಗೆ ಹತ್ತಿ ಇಳಿದು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೇ ಟೇಪು ಹಿಡಿದವರು ಬಂದಿರಬಹುದು, ಅಥವಾ ನಾಳೆ ಬರಬಹುದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ಮರದ ಮನೆ ಅಂದ ಕೂಡಲೇ ನಾಲ್ಕೂ ಗೋಡೆ ಹಲಗೆಯದ್ದು ಅಂದುಕೊಳ್ಳುತ್ತೇವೆ. ನಮ್ಮ ಬಯಲುಸೀಮೆಯಲ್ಲಿ ಹಾಗೆ ಕಟ್ಟುವ ರೂಢಿ ಇಲ್ಲ. ಇಲ್ಲಿ ಗೋಡೆ ಕಲ್ಲು ಮಣ್ಣಿನದು, ಎರಡು ಅಡಿ ದಪ್ಪ, ಕೆಲವು ಕಡೆ ಇನ್ನೂ ಜಾಸ್ತಿ. ಆದರೆ ಮನೆಯ ಎಲುಬು ಮರದ್ದು. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆ ಮೇಲೆ ಎರಡೂ ಕಡೆ ಕೈ ಚಾಚಿದ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಅಡ್ಡಡ್ಡ ಜಂತೆ. ಮಾಳಿಗೆಯ, ಅಂದರೆ ಸಮತಟ್ಟಾದ ಮಣ್ಣಿನ ಸೂರಿನ, ಭಾರವೆಲ್ಲ ಜಂತೆಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಅಲ್ಲಿಂದ ಕಂಬಕ್ಕೆ ಇಳಿದು ಕೊನೆಗೆ ಕಲ್ಲಿಗೆ ಹೋಗುತ್ತದೆ. ಬೋದಿಗೆಯನ್ನು ನಾವು ಅಲಂಕಾರ ಅಂದುಕೊಂಡಿರುತ್ತೇವೆ, ಅದರಲ್ಲಿ ಬಾಳೆ ಮೊಗ್ಗೋ ಗಿಳಿಯೋ ಕೆತ್ತಿರುತ್ತಾರೆ ನೋಡಿ, ಅದಕ್ಕೆ. ಆದರೆ ಅದು ದುಡಿಯುವ ಮರ. ಎರಡು ಕಂಬದ ನಡುವೆ ತೊಲೆ ಆಧಾರವಿಲ್ಲದೆ ನಿಲ್ಲಬೇಕಾದ ದೂರವನ್ನು ಅದು ಕಡಿಮೆ ಮಾಡುತ್ತದೆ, ಹಾಗಾಗಿ ತೊಲೆ ಬಗ್ಗುವುದಿಲ್ಲ. ಕೋಟೆಯೊಳಗಿನ ಮಂಟಪಗಳಿಗೆ ಹೋದಾಗ ಕಲ್ಲು ಕಂಬದ ತಲೆ ನೋಡಿ. ಅಲ್ಲೂ ಅದೇ ಬೋದಿಗೆ ಇದೆ. ಮರದಲ್ಲಿ ಕಲಿತ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ.

ಎರಡು ಕಂಬದ ನಡುವಿನ ಜಾಗಕ್ಕೆ ಅಂಕಣ ಅನ್ನುತ್ತಾರೆ. ಪತ್ರಿಕೆಯ ಅಂಕಣ ಆಮೇಲಿನದು, ಮನೆಯ ಅಂಕಣ ಮೊದಲಿನದು. ನಮ್ಮ ಕಡೆ ಹಿರಿಯರು ಮನೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ, ಒಂಬತ್ತು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ ಅನ್ನುತ್ತಿದ್ದರು. ಈ ಒಂದು ಪದ ಹಿಡಿದುಕೊಂಡರೆ ಉಳಿದಿದ್ದು ಅರ್ಥವಾಗುತ್ತದೆ. ಅಂಕಣ ಅಂದರೆ ಖಾಲಿ ಜಾಗ. ಅದು ಎರಡು ಕಂಬ ಇದ್ದಲ್ಲೇ ಇದ್ದರೆ ಮಾತ್ರ ಇರುತ್ತದೆ. ಸಿಎಫ್‌ಟಿಯಲ್ಲಿ ಅದನ್ನು ಅಳೆಯಲು ಆಗುವುದೇ ಇಲ್ಲ. ಕಂಬ ಕಿತ್ತು ಲಾರಿಗೆ ಹಾಕಿದ ಕೂಡಲೇ ಮೂರೂವರೆ ಸಿಎಫ್‌ಟಿ ಹಾಗೇ ಉಳಿಯುತ್ತದೆ, ಅಂಕಣ ಇಲ್ಲವಾಗುತ್ತದೆ.

ಮಾಳಿಗೆ ವಿಷಯಕ್ಕೆ ಬರೋಣ, ನನಗೆ ತುಂಬ ಇಷ್ಟವಾದ ಭಾಗ ಇದು. ಜಂತೆಗಳ ಮೇಲೆ ಒತ್ತೊತ್ತಾಗಿ ಸೀಳಿದ ಚಕ್ಕೆ ಜೋಡಿಸುತ್ತಾರೆ. ಅದರ ಮೇಲೆ ಸೊಪ್ಪು. ತಂಗಡಿ, ಲಕ್ಕಿ, ಬೇವು, ಊರಲ್ಲಿ ಯಾವುದು ಸಿಗುತ್ತದೋ ಅದು. ಲಕ್ಕಿ, ಬೇವಿನ ವಾಸನೆಗೆ ಹುಳ ದೂರ. ಅದರ ಮೇಲೆ ಕಲಸಿ ತುಳಿದ ಮಣ್ಣು. ಎಲ್ಲಕ್ಕಿಂತ ಮೇಲೆ ಸೌಳು ಮಣ್ಣು, ಕೆಲವರು ಚೌಳು ಅನ್ನುತ್ತಾರೆ. ಹೊಲದಲ್ಲಿ ಸೌಳು ಎದ್ದರೆ ರೈತನ ಎದೆ ಒಡೆಯುತ್ತದೆ, ಅಲ್ಲಿ ಬೀಜ ಹುಟ್ಟುವುದಿಲ್ಲ, ನೀರು ಇಂಗುವುದಿಲ್ಲ. ಆ ನೀರು ಇಂಗದ ಗುಣವೇ ಮಾಳಿಗೆಗೆ ಬೇಕಾದದ್ದು! ಸೌಳು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಅದರ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಚೆದುರಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂರುತ್ತವೆ. ರಂಧ್ರ ಮುಚ್ಚಿತು, ನೀರು ಒಳಗೆ ಇಳಿಯಲಿಲ್ಲ, ಇಳಿಜಾರು ನೋಡಿಕೊಂಡು ದೋಣಿಯಲ್ಲಿ, ಅಂದರೆ ಮಾಳಿಗೆ ಅಂಚಿನ ನೀರು ಹೋಗುವ ಕೊಳವೆಯಲ್ಲಿ, ಹೊರಗೆ ಹೋಯಿತು. ಹೊಲಕ್ಕೆ ಶಾಪವಾದ ಮಣ್ಣನ್ನು ಗಾಡಿಯಲ್ಲಿ ತಂದು ತಲೆ ಮೇಲೆ ಹಾಕಿಕೊಂಡ ಜನ ಇವರು. ಯಾವ ಪ್ರಯೋಗಾಲಯವೂ ಇಲ್ಲದೆ ಇದನ್ನು ಕಂಡುಕೊಂಡರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಈ ಮಣ್ಣಿನ ಮಾಳಿಗೆ ಎಲ್ಲ ಕಡೆ ನಡೆಯುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ಕಡಿಮೆ, ಅಲ್ಲಿ ಇದು ಸರಿ. ದಾವಣಗೆರೆ ದಾಟಿ ಹೊನ್ನಾಳಿ, ಚನ್ನಗಿರಿ ಕಡೆ ಹೋದ ಹಾಗೆ ಮಲೆನಾಡಿನ ಗಾಳಿ ಶುರುವಾಗುತ್ತದೆ, ಇಳಿಜಾರಿನ ಹಂಚಿನ ಸೂರು ಜಾಸ್ತಿ ಕಾಣುತ್ತದೆ. ಬಸ್ಸಿನ ಕಿಟಕಿಯಲ್ಲಿ ಕೂತು ಸೂರುಗಳನ್ನು ನೋಡುತ್ತಾ ಹೋದರೆ ಎಲ್ಲಿ ಮಳೆ ಎಷ್ಟು ಅನ್ನುವುದು ಗೊತ್ತಾಗುತ್ತದೆ. ಅಂದ ಹಾಗೆ, ಹಂಚಿನ ಮನೆಯಾದರೆ ಒಂದು ಹಂಚು ತೆಗೆದು ತಿರುಗಿಸಿ ನೋಡಿ. ಮಂಗಳೂರು ಹಂಚು ಕಾರ್ಖಾನೆಯಲ್ಲಿ ತಯಾರಾಗಲು ಶುರುವಾಗಿದ್ದೇ 1865ರಲ್ಲಿ, ಬಾಸೆಲ್ ಮಿಷನ್‌ನವರಿಂದ. ಹಂಚಿನ ಮೇಲೆ ಕಾರ್ಖಾನೆ ಹೆಸರು ಅಚ್ಚೊತ್ತಿದ್ದರೆ ಸೂರಿನ ಕಾಲ ಊಹಿಸಲು ಒಂದು ಎಳೆ ಸಿಕ್ಕಿತು. ಕೆಳಗಿನ ಕಂಬ ಅದಕ್ಕಿಂತ ಹಳೆಯದಿರಬಹುದು.

ಇಷ್ಟು ವರ್ಷ ಮರ ಹೇಗೆ ಉಳಿಯಿತು ಅನ್ನುವುದು ಮುಂದಿನ ಪ್ರಶ್ನೆ. ಮರ ಸುಮ್ನೆ ವಯಸ್ಸಾಗಿ ಸಾಯುವುದಿಲ್ಲ. ಅದನ್ನು ಕೊಲ್ಲುವುದು ನೀರು, ಹುಳ, ಬೆಂಕಿ. ಮರ ಕೊಳೆಯುವುದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯಿಂದ. ಮರದೊಳಗಿನ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯಲಾರದು. ನಮ್ಮ ಒಣ ಹವೆ ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿದರ್ಧ ಮಾಡಿದ್ದು ಕಟ್ಟಿದವರು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದರು. ಮರದ ಹೊರಗಿನ ಬಿಳಿ ಭಾಗ ಕೆತ್ತಿ ಬಿಸಾಕಿ ಒಳಗಿನ ಗಟ್ಟಿ ಭಾಗವಾದ ಕೆಚ್ಚು ಮಾತ್ರ ಬಳಸಿದರು. ಸಾಗುವಾನಿಯ ಕೆಚ್ಚಿನಲ್ಲಿ ಟೆಕ್ಟೋಕ್ವಿನೋನ್ ಅನ್ನುವ ರಾಸಾಯನಿಕ ಇದೆ, ಗೆದ್ದಲಿಗೆ ಅದು ಆಗಿಬರುವುದಿಲ್ಲ. ಹೊರಗಿನ ಬಿಳಿ ಮರದಲ್ಲಿ ಆ ರಕ್ಷಣೆ ಇಲ್ಲ, ಸಾಗುವಾನಿಯೇ ಆದರೂ ತಿಂದುಬಿಡುತ್ತದೆ. ಅಡಿಗೆಮನೆಯ ಜಂತೆಗಳು ಕಾಡಿಗೆ ಬಳಿದ ಹಾಗೆ ಕಪ್ಪಗಿವೆ. ಹೊಗೆ ಕುಡಿದ ಜಂತೆಗೆ ಹುಳ ಬರಲ್ಲ ಅಂತ ದೊಡ್ಡಮ್ಮ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಆ ಮಾತು ನಿಜ. ಗ್ಯಾಸ್ ಬಂದ ಮೇಲೆ ಹಿತ್ತಲ ಕಡೆ ಹೊಸದಾಗಿ ಹಾಕಿದ ಎರಡು ಜಂತೆಗೆ ಕುಟ್ಟೆ ಹುಳ ಹಿಡಿದಿದೆ, ಹಳೆಯವು ಹಾಗೇ ಇವೆ.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರುತ್ತೇನೆ. ಪಾರಂಪರಿಕ ಬೆಲೆ ಅಂದರೆ ಏನು? ಜಗತ್ತಿನಲ್ಲಿ ಇದರ ಬಗ್ಗೆ ಕೆಲಸ ಮಾಡುವವರು ಜಾಸ್ತಿ ನೆಚ್ಚಿಕೊಂಡಿರುವುದು ಆಸ್ಟ್ರೇಲಿಯಾದ ಬುರಾ ಅನ್ನುವ ಊರಲ್ಲಿ 1979ರಲ್ಲಿ ಒಪ್ಪಿದ ಒಂದು ದಾಖಲೆಯನ್ನು. ಅದರ ಪ್ರಕಾರ ಒಂದು ಜಾಗಕ್ಕೆ ಚೆಲುವಿನಿಂದ, ಚರಿತ್ರೆಯಿಂದ, ಅದು ಕೊಡುವ ತಿಳಿವಳಿಕೆಯಿಂದ, ಜನರಿಗೆ ಅದರ ಜೊತೆ ಇರುವ ನಂಟಿನಿಂದ ಬೆಲೆ ಬರುತ್ತದೆ. ಅರಸರ ಮನೆಯೇ ಆಗಬೇಕು, ಯಾರೋ ದೊಡ್ಡವರು ಅಲ್ಲಿ ಹುಟ್ಟಿರಬೇಕು ಅಂತ ಎಲ್ಲೂ ಇಲ್ಲ. ಇದನ್ನು ಕೇಳಿ ದೊಡ್ಡಪ್ಪನಿಗೆ ಆಶ್ಚರ್ಯ. ದುರ್ಗದವರಿಗೆ ಚರಿತ್ರೆ ಅಂದರೆ ಮದಕರಿ ನಾಯಕರು, 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು, ಒನಕೆ ಓಬವ್ವ. ಜೋಳ, ಹತ್ತಿ ಮಾರಿ ಕಟ್ಟಿದ ಮನೆಗೂ ಚರಿತ್ರೆ ಉಂಟಾ ಅಂದರು. ನಾನು ಹೇಳಿದೆ, ಕೋಟೆಯ ಮೇಲೆ ಅರಮನೆಯ ಮಣ್ಣಿನ ಗೋಡೆಗಳು ನಿಂತಿವೆಯಲ್ಲ, ಅದಕ್ಕೆ ಸೂರಿಲ್ಲ, ಕಂಬ ಇಲ್ಲ. ಆ ಕಾಲದಲ್ಲಿ ಮಣ್ಣಿನ ಗೋಡೆಯ ಮೇಲೆ ತೊಲೆ ಹೇಗೆ ಕೂರುತ್ತಿತ್ತು, ಜನ ಅದರ ಕೆಳಗೆ ಹೇಗೆ ಇರುತ್ತಿದ್ದರು ಅನ್ನುವುದನ್ನು ಅಲ್ಲಿ ನಿಂತು ಊಹೆ ಮಾಡಬೇಕು. ಆ ಜಾತಿಯ ಕೆಲಸ ಕಣ್ಣಿಗೆ ಕಾಣಬೇಕಾದರೆ ಕೆಳಗಿಳಿದು ನಿಮ್ಮ ಪಡಸಾಲೆಗೆ ಬರಬೇಕು.

ತಿಳಿವಳಿಕೆ ಅಂದೆನಲ್ಲ, ಅದು ನೋಡಲು ಬಂದವರಿಗೆ ಮಾತ್ರ ಸಿಗುತ್ತದೆ. ಟಾರ್ಚ್ ತೆಗೆದುಕೊಂಡು ಕಂಬದ ಪಕ್ಕಕ್ಕೆ ಓರೆಯಾಗಿ ಬೆಳಕು ಬಿಡಿ. ಬೆಳಕು ಎದುರಿಗೆ ಬಿಟ್ಟರೆ ಏನೂ ಕಾಣಲ್ಲ, ಓರೆಯಾಗಿ ಬಿಡಬೇಕು. ಮೀನಿನ ಪೊರೆಯ ಹಾಗೆ ಸಣ್ಣ ಸಣ್ಣ ತಗ್ಗುಗಳು ಏಳುತ್ತವೆ. ಅದು ಬಾಚಿಯ, ಅಂದರೆ ಮರ ಕೆತ್ತುವ ಅಡ್ಡಲಗಿನ ಉಪಕರಣದ, ಏಟು. ಯಂತ್ರದ ದುಂಡು ಗರಗಸವಾದರೆ ಒಂದೇ ಅಂತರದ ಬಿಲ್ಲಿನಾಕಾರದ ಗೆರೆ ಬೀಳುತ್ತದೆ. ನಮ್ಮ ಮನೆಯ ಕಂಬಗಳಲ್ಲಿ ಎಡಗಡೆಯ ಏಟುಗಳು ಆಳ, ಬಲಗಡೆಯವು ಹಗುರ. ಆಚಾರ್ರು ನೋಡಿ, "ಇವ್ರು ಎಡಗೈಯೋರು ಇರ್ಬೇಕು" ಅಂದರು. ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಆ ಮನುಷ್ಯ ಯಾವ ಕೈಯಲ್ಲಿ ಬಾಚಿ ಹಿಡಿದಿದ್ದ ಅನ್ನುವುದು ಆ ಕಂಬದಲ್ಲಿದೆ. ತೊಲೆಯೂ ಬೋದಿಗೆಯೂ ಕೂಡುವ ಕಡೆ ಉಳಿಯಿಂದ ಹಾಕಿದ ಗೀಟುಗಳಿವೆ, ಒಂದು ಗೀಟು, ಎರಡು ಗೀಟು, ಮೂರು ಗೀಟು. ನೆಲದ ಮೇಲೆ ಎಲ್ಲ ಕೆತ್ತಿ ಸಿದ್ಧ ಮಾಡಿ, ಯಾವುದು ಯಾವುದಕ್ಕೆ ಕೂರಬೇಕು ಅಂತ ಗುರುತು ಹಾಕಿ, ಆಮೇಲೆ ಎತ್ತಿ ಜೋಡಿಸಿದ್ದಾರೆ. ಒಂದು ಮರದ ತುದಿಯನ್ನು ನಾಲಿಗೆ ತರ ಮಾಡಿ ಇನ್ನೊಂದರ ತೂತಿಗೆ ಕೂರಿಸಿ ಅಡ್ಡಕ್ಕೆ ಮರದ ಗೂಟ ಹೊಡೆದಿದ್ದಾರೆ. ಇಡೀ ಪಡಸಾಲೆಯ ಎಲುಬಿನಲ್ಲಿ ಕಬ್ಬಿಣದ ಮೊಳೆ ಒಂದೂ ಇಲ್ಲ.

ಇದಲ್ಲದೆ ಸಾಗುವಾನಿಯಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತದೆ. ಬಿಸಿನಾಡಿನ ಮರಗಳಲ್ಲಿ ಎಲ್ಲದಕ್ಕೂ ಹೀಗೆ ಬೀಳುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಉಂಗುರ ಅಗಲ, ಬರ ಬಿದ್ದ ವರ್ಷ ಕಿರಿದು. ಹಾಗಾಗಿ ವಿಜ್ಞಾನಿಗಳು ಸಾಗುವಾನಿಯ ಉಂಗುರ ನೋಡಿ ಹಿಂದಿನ ಮಳೆಗಾಲಗಳನ್ನು ಲೆಕ್ಕ ಹಾಕುತ್ತಾರೆ. ನಮ್ಮ ತೊಲೆಯ ತುದಿಯಲ್ಲಿ ಕಾಣುವ ಆ ಗೆರೆಗಳು ನಮ್ಮ ಮುತ್ತಜ್ಜ ಹುಟ್ಟುವ ಮೊದಲಿನ ಮಳೆಯವು.

ಇನ್ನು ಮನುಷ್ಯರು ಉಜ್ಜಿದ್ದು. ಹೊಸ್ತಿಲ ನಡುಭಾಗ ತಗ್ಗಾಗಿದೆ, ಅಂಗೈ ಇಟ್ಟರೆ ಸರಿಯಾಗಿ ಕೂರುತ್ತದೆ. ನಡುಮನೆಯ ಒಂದು ಕಂಬಕ್ಕೆ ಸೊಂಟದ ಎತ್ತರದಲ್ಲಿ ಕನ್ನಡಿಯಂಥ ಹೊಳಪು ಬಂದಿದೆ. ಅದು ಯಾರೂ ಬಳಿದ ಪಾಲಿಷ್ ಅಲ್ಲ. ಹೆಂಗಸರು ಒರಗಿ ನಿಂತು ಮಾತಾಡುತ್ತಿದ್ದ ಜಾಗ. ಅದೇ ಕಂಬಕ್ಕೆ ಮಜ್ಜಿಗೆ ಕಡೆಯುವ ಹಗ್ಗ ಸುತ್ತಿ ಸುತ್ತಿ ಬಿದ್ದ ಎರಡು ಪಟ್ಟೆ ಇದೆ, ಕಿರುಬೆರಳು ಇಡುವಷ್ಟು ಆಳ. ದೊಡ್ಡಮ್ಮನಿಗೆ ಆ ಪಟ್ಟೆ ತೋರಿಸಿ ಕೇಳಿದೆ. "ನಾನು ಬರೋ ಹೊತ್ತಿಗೆ ಅರ್ಧ ಆಗಿತ್ತು, ಇನ್ನರ್ಧ ನಂದು" ಅಂದರು. ಚೆನ್ನಾಗಿ ಉಳಿದ ಮನೆ ಅಂದರೆ ಹೊಚ್ಚ ಹೊಸದರಂತೆ ಮಿಂಚುವ ಮನೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಪಟ್ಟೆಯನ್ನು ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ವಾರ್ನಿಷ್ ಬಳಿದರೆ ಕಂಬ ಹೊಸದಾಗುತ್ತದೆ, ದೊಡ್ಡಮ್ಮನ ನಲವತ್ತು ವರ್ಷ ಅಳಿಸಿಹೋಗುತ್ತದೆ.

ಒಂದು ವಿಷಯ ನನ್ನನ್ನು ತುಂಬ ದಿನ ಕಾಡಿತು. ಹಿತ್ತಲ ಕಡೆಯ ಒಂದು ತೊಲೆಯಲ್ಲಿ ಖಾಲಿ ತೂತುಗಳಿವೆ. ಅಲ್ಲಿ ಏನೂ ಕೂರುವುದಿಲ್ಲ, ಕೂರಬೇಕಾದ ಜಾಗವೂ ಅಲ್ಲ. ಅಂದರೆ ಆ ತೊಲೆ ಮೊದಲು ಬೇರೆ ಮನೆಯಲ್ಲಿತ್ತು. ಯಾವುದೋ ಹಳೇ ಮನೆ ಬಿಚ್ಚಿ ಮರ ತಂದು ಇಲ್ಲಿ ಹಾಕಿದ್ದಾರೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಇದನ್ನು ಕೇಳಿದ ಕೂಡಲೇ ಹಿಡಿದುಕೊಂಡ. "ಆಗ್ಲೇ ಮುತ್ತಜ್ಜ ಬೇರೆ ಮನೆ ತೊಲೆ ತಂದು ಹಾಕಿದ್ರು ಅಂದ್ಮೇಲೆ ಈಗ ನಾವು ಮಾರಿದ್ರೆ ಏನು ತಪ್ಪು?" ನ್ಯಾಯವಾದ ಪ್ರಶ್ನೆ. ಸುಲಭದ ಉತ್ತರ ಇಲ್ಲ. ನನ್ನ ಉತ್ತರ ಇಷ್ಟು. ಆಗ ತೊಲೆ ಇನ್ನೊಂದು ಮನೆಗೆ ತೊಲೆಯಾಗಿಯೇ ಬಂತು, ಭಾರ ಹೊತ್ತಿತು, ಅದನ್ನು ಜೋಡಿಸಲು ಗೊತ್ತಿದ್ದ ಬಡಗಿ ಇದ್ದ. ಹೋದ ಮನೆ ತರದ್ದೇ ಮನೆಗಳು ಬೀದಿ ತುಂಬ ಇದ್ದವು. ಈಗ ಆ ಕಂಬ ಹೋಗುವುದು ಯಾವುದೋ ರೆಸಾರ್ಟಿನ ಬಾಗಿಲ ಮುಂದೆ, ಸಿಮೆಂಟ್ ಮಾಳಿಗೆಯ ಕೆಳಗೆ, ಏನೂ ಹೊರದೆ ನಿಲ್ಲಲು. ಬೋದಿಗೆ ಒಂದು ಊರಿಗೆ, ಬಾಗಿಲು ಇನ್ನೊಂದು ಊರಿಗೆ. ಬೀದಿಯಲ್ಲಿ ಇಂಥ ಮನೆ ಎಷ್ಟು ಉಳಿದಿವೆ ಅಂತ ಎಣಿಸಲು ನನಗೆ ಒಂದು ಕೈ ಸಾಕು. ಮನೆಯನ್ನು ಬೇರೆ ಕಡೆ ಸಾಗಿಸುವುದೇ ಆದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಾಡಿದ ಹಾಗೆ ಮಾಡಬೇಕು. ಬಿದ್ದುಹೋಗುತ್ತಿದ್ದ ಹಳೇ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ಕೂಡ ಕೊನೇ ದಾರಿ. ಕಂಬ ಬಂದರೂ ಬೀದಿ ಬರುವುದಿಲ್ಲ, ಜಗುಲಿ ಮೇಲೆ ಕೂರುತ್ತಿದ್ದವರು ಬರುವುದಿಲ್ಲ.

ಇದರ ಜೊತೆಗೇ ಇನ್ನೊಂದು ಗೊಂದಲ ಇದೆ. ಕೊಳೆತ ಮರ ತೆಗೆದು ಹೊಸದು ಹಾಕಿದರೆ ಮನೆ ಹಳೆಯದಾಗಿ ಉಳಿಯುತ್ತದಾ? ಕಲ್ಲಿನ ಕಟ್ಟಡದ ಮೇಲೆ ಬೆಳೆದ ಯುರೋಪಿನ ಯೋಚನೆಗೆ ಮೂಲ ವಸ್ತುವೇ ದೊಡ್ಡದು. ಮರದ ನಾಡಿನವರು ಬೇರೆ ತರ ಯೋಚಿಸುತ್ತಾರೆ. ಜಪಾನಿನ ಹೋರ್ಯೂಜಿಯಲ್ಲಿ ಸುಮಾರು 1300 ವರ್ಷದ ಮರದ ಕಟ್ಟಡಗಳಿವೆ, ಜಗತ್ತಿನಲ್ಲಿ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳು ಅವೇ. ಬೇಕಾದಾಗೆಲ್ಲ ಬಿಚ್ಚಿ, ಹಾಳಾದ ತುಂಡು ಬದಲಿಸಿ, ಮತ್ತೆ ಜೋಡಿಸಿ ಉಳಿಸಿಕೊಂಡು ಬಂದಿದ್ದಾರೆ. ಅದೇ ದೇಶದ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿಯೇ ಕಟ್ಟುತ್ತಾರೆ. ಅಲ್ಲಿ ಉಳಿಯುವುದು ಕಟ್ಟುವ ವಿದ್ಯೆ. 1994ರಲ್ಲಿ ಜಪಾನಿನ ನಾರಾ ಊರಲ್ಲಿ ಜಗತ್ತಿನ ತಜ್ಞರು ಸೇರಿ, ಅಸಲಿತನವನ್ನು ವಸ್ತು ಒಂದರಿಂದಲೇ ಅಳೆಯಬಾರದು, ಆಕಾರ, ಬಳಕೆ, ಕಟ್ಟುವ ರೀತಿ, ಇರುವ ಜಾಗ ಇವೆಲ್ಲ ಲೆಕ್ಕಕ್ಕೆ ಬರಬೇಕು, ಆಯಾ ನಾಡಿನ ಸಂಸ್ಕೃತಿಯ ಒಳಗಿನಿಂದ ನೋಡಬೇಕು ಅಂತ ಬರೆದರು. ದೊಡ್ಡಪ್ಪನಿಗೆ ನಾರಾ ಬೇಕಾಗಲಿಲ್ಲ. "ಊರ ತೇರಿಗೆ ಅಚ್ಚು ಬದ್ಲಾಯಿಸ್ತಾರೆ, ಗಾಲಿ ಬದ್ಲಾಯಿಸ್ತಾರೆ, ಅದೇ ತೇರು ತಾನೇ" ಅಂದರು. ಮರದ ಕಟ್ಟಡಗಳನ್ನು ಕಾಯುವ ಬಗ್ಗೆ ಐಕೊಮಾಸ್ ಅನ್ನುವ ಅಂತರರಾಷ್ಟ್ರೀಯ ಮಂಡಳಿ ಮಾಡಿದ ಸೂತ್ರಗಳು 1999ರಲ್ಲಿ ಬಂದವು, 2017ರಲ್ಲಿ ನಮ್ಮ ದೆಹಲಿಯಲ್ಲೇ ಅವನ್ನು ಹೊಸದಾಗಿ ಒಪ್ಪಿದರು. ಸಾರಾಂಶ ಸರಳ. ಆದಷ್ಟು ಕಡಿಮೆ ಮುಟ್ಟಿ. ಹಾಳಾದಷ್ಟೇ ತೆಗೆಯಿರಿ. ಅದೇ ಜಾತಿಯ ಮರ, ಅದೇ ತರದ ಜೋಡಣೆ ಬಳಸಿ. ಹೊಸದಾಗಿ ಹಾಕಿದ್ದಕ್ಕೆ ಎದ್ದು ಕಾಣದ ಹಾಗೆ ಒಂದು ಗುರುತು ಹಾಕಿ, ಮುಂದೆ ನೋಡುವವರು ಮೋಸ ಹೋಗಬಾರದು.

ಹಾಳು ಮಾಡುವ ಕೆಲಸ ಪ್ರೀತಿಯಿಂದಲೇ ಶುರುವಾಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಹಳೇ ದಾವಣಗೆರೆಯಲ್ಲಿ ನಮ್ಮ ಅತ್ತೆಯ ಮನೆ ಇತ್ತು, ಇದೇ ತರದ್ದು. ಮಗನ ಮದುವೆಗೆ ಮನೆ ಗಟ್ಟಿ ಮಾಡಿಸೋಣ ಅಂತ ಒಬ್ಬ ಇಂಜಿನಿಯರ್ ಮಾತು ಕೇಳಿ ಮಣ್ಣಿನ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು, ಕಂಬಕ್ಕೆ ಎನಾಮಲ್ ಪೇಂಟ್ ಹೊಡೆಸಿದರು, ಕಂಬದ ಬುಡಕ್ಕೆ ಟೈಲ್ಸ್ ಹಾಕುವಾಗ ಸುತ್ತ ಸಿಮೆಂಟ್ ತುಂಬಿದರು. ಮದುವೆ ದಿನ ಎಲ್ಲರೂ ಮನೆ ಹೊಗಳಿದ್ದೇ ಹೊಗಳಿದ್ದು. ಐದು ವರ್ಷ ಆಗುವಷ್ಟರಲ್ಲಿ ತೊಲೆಯ ತುದಿ ಬಗ್ಗಿತು. ಆಗಿದ್ದು ಇಷ್ಟು. ಮಣ್ಣಿನ ಗೋಡೆ ತೇವ ಹೀರುತ್ತದೆ, ಮತ್ತೆ ಬಿಡುತ್ತದೆ, ಉಸಿರಾಡಿದ ಹಾಗೆ. ಸುಣ್ಣದ ಗಿಲಾವು ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟ್ ಅಡ್ಡ ಬರುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ಎರಡೂ ಕಡೆ ದಾರಿ ಇಲ್ಲ. ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ ಆ ತೇವದಲ್ಲೇ ನೆನೆಯಿತು. ಮರ ನೀರನ್ನು ಜಾಸ್ತಿ ಹೀರುವುದೇ ಕೊಯ್ದ ತುದಿಯಿಂದ. ಹೊರಗೆ ಪೇಂಟ್ ಹೊಳೆಯುತ್ತಿತ್ತು, ಸ್ಕ್ರೂಡ್ರೈವರ್ ಚುಚ್ಚಿದರೆ ಕೇಕಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಆ ಮನೆ ಈಗ ಇಲ್ಲ. ಅತ್ತೆ ಆ ಬೀದಿಯ ಕಡೆ ಹೋಗುವುದನ್ನೇ ಬಿಟ್ಟರು.

ಹಾಗಾಗಿ ನಿಮ್ಮ ಮನೆ ನೋಡುವಾಗ ಕಂಬದ ನಡುಭಾಗ ನೋಡಬೇಡಿ, ಅದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಬುಡ ನೋಡಿ, ಗೋಡೆಗೆ ಸೇರುವ ತುದಿ ನೋಡಿ, ಬಚ್ಚಲ ಪಕ್ಕದ್ದು ನೋಡಿ, ಮಾಳಿಗೆಯ ದೋಣಿ ಇರುವ ಮೂಲೆ ನೋಡಿ. ಗೋಡೆ ಮೇಲೆ ಮಣ್ಣಿನ ಸಣ್ಣ ಸುರಂಗ ಹತ್ತುತ್ತಿದ್ದರೆ ಗೆದ್ದಲು ಬಂದಿದೆ. ನೆಲದ ಮೇಲೆ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮೇಲೆ ಕುಟ್ಟೆ ಇದೆ. ಗೋಡೆಗೆ ಸುಣ್ಣ ಸಾಕು. ಮರಕ್ಕೆ ಅಗಸೆ ಎಣ್ಣೆ ಸಾಕು.

ಭಾರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸೋರಿದಾಗೆಲ್ಲ ಹಳೇ ಮಣ್ಣು ತೆಗೆಯದೆ ಮೇಲೆ ಮೇಲೆ ಹೊಸ ಮಣ್ಣು ಹಾಕುವುದು ರೂಢಿ. ಲೆಕ್ಕ ಹಾಕಿ ನೋಡಿ. 10 ಅಡಿ ಉದ್ದ, 10 ಅಡಿ ಅಗಲದ ಜಾಗದಲ್ಲಿ ಒಂದು ಅಡಿ ಮಣ್ಣು ಅಂದರೆ ಸುಮಾರು ನಾಲ್ಕೂವರೆ ಟನ್. ನೆನೆದರೆ ಇನ್ನೂ ಜಾಸ್ತಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತಿದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಕುಸಿದು, ದಪ್ಪ ಮಣ್ಣಿನ ಮಾಳಿಗೆ ಅವರ ಮೇಲೆ ಬಿದ್ದು. ನಮ್ಮ ಜಿಲ್ಲೆಗಳಲ್ಲಿ ಭೂಕಂಪದ ಭಯ ಅಷ್ಟಿಲ್ಲ. ಆದರೂ ಹಳೇ ಮಣ್ಣು ತೆಗೆದೇ ಹೊಸದು ಹಾಕಿ. ಮನೆ ಉಳಿಸುವುದು ಅಂದರೆ ಅದರಲ್ಲಿ ಮಲಗುವವರನ್ನು ಮೊದಲು ಉಳಿಸುವುದು.

ಬೆಂಕಿಯೂ ಹಾಗೇ. 1897ರಲ್ಲಿ ಮೈಸೂರಿನ ಮರದ ಅರಮನೆ ಮದುವೆ ಸಂಭ್ರಮದ ನಡುವೆ ಸುಟ್ಟುಹೋಯಿತು, ಈಗಿರುವ ಅರಮನೆ 1912ರಲ್ಲಿ ಮುಗಿದದ್ದು. ಬೆಂಗಳೂರಿನ ಟಿಪ್ಪು ಅರಮನೆ ಮರದ್ದೇ, 1791ರದ್ದು, ಇಂದಿಗೂ ನಿಂತಿದೆ. ದಪ್ಪ ಮರ ಬೇಗ ಉರಿಯುವುದಿಲ್ಲ. ಮೇಲಿನ ಪದರ ಇದ್ದಿಲಾಗಿ ಒಳಗಿನದಕ್ಕೆ ಹೊದಿಕೆಯಾಗುತ್ತದೆ, ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನ ಆಸುಪಾಸು ಸುಡುತ್ತಾ ಹೋಗುತ್ತದೆ. ಅಪಾಯ ಇರುವುದು ತೆಳು ಜಂತೆಗೆ, ಅದಕ್ಕೆ ಮೊಳೆ ಹೊಡೆದು ಎಳೆದ ಹಳೇ ಕರೆಂಟ್ ವೈರಿಗೆ. ಮೊದಲ ಖರ್ಚು ಪಾಲಿಷಿಗೆ ಮಾಡಬೇಡಿ, ವೈರಿಂಗಿಗೆ ಮಾಡಿ.

ಸರ್ಕಾರ ಕಾಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ. ಅವು ಸಂರಕ್ಷಿತ ಅಂತ ಘೋಷಣೆಯಾದ ಸ್ಮಾರಕಗಳಿಗೆ. ದೊಡ್ಡಪ್ಪನ ಮನೆಯಂಥದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಕಟ್ಟಡದಿಂದ ಕಿತ್ತ ವಸ್ತುವೂ ಪುರಾತನ ವಸ್ತುವೇ, ಅದನ್ನು ಖಾಸಗಿಯವರು ದೇಶದಾಚೆ ಸಾಗಿಸುವ ಹಾಗಿಲ್ಲ. ಊರೊಳಗೆ ಮಾರುವುದನ್ನು ಅದು ಪೂರ್ತಿ ತಡೆಯುವುದಿಲ್ಲ. ಕೊನೆಗೆ ಇದು ಮನೆಯವರ ಕೈಯಲ್ಲೇ ಇದೆ. ಮನೆಯವರ ಕೈಯಲ್ಲಿ ಅಂದರೆ ಪಾಲಿನ ಕೈಯಲ್ಲಿ. ನಾನು ಕಂಡ ಮಟ್ಟಿಗೆ ಗೆದ್ದಲಿಗಿಂತ ಜಾಸ್ತಿ ಮನೆ ಹಾಳಾಗಿರುವುದು ಅಣ್ಣತಮ್ಮಂದಿರ ಪಾಲಿನಲ್ಲಿ. ಪಡಸಾಲೆ ನಡುವೆ ಇಟ್ಟಿಗೆ ಗೋಡೆ ಏಳುತ್ತದೆ, ಕಂಬ ಅರ್ಧ ಆ ಕಡೆ, ಅರ್ಧ ಈ ಕಡೆ.

ಅಣ್ಣನ ಕಡೆಯ ನ್ಯಾಯವನ್ನೂ ಹೇಳಬೇಕು. ಅವನ ಹೆಂಡತಿಗೆ ರಾತ್ರಿ ಹೊತ್ತು ಹಿತ್ತಲು ದಾಟಿ ಬಚ್ಚಲಿಗೆ ಹೋಗುವುದು ಕಷ್ಟ. ಅನ್ನ ಉಣ್ಣುವಾಗ ಮೇಲಿಂದ ಮಣ್ಣು ಉದುರುತ್ತದೆ. ಮಕ್ಕಳಿಗೆ ಓದಲು ಬೆಳಕು ಸಾಲದು, ಒಂದು ಗವಾಕ್ಷಿ ಎಷ್ಟು ಕೊಟ್ಟೀತು? ಇದನ್ನೆಲ್ಲ ಸಹಿಸಿಕೊಂಡು ಪರಂಪರೆ ಕಾಯಿರಿ ಅಂತ ಅವರಿಗೆ ಹೇಳುವ ಹಕ್ಕು ನನಗಿಲ್ಲ, ನಾನು ಬೆಂಗಳೂರಿನಲ್ಲಿ ಫ್ಲಾಟಿನಲ್ಲಿರುವವನು. ಆದರೆ ಇದಕ್ಕೆಲ್ಲ ದಾರಿ ಇದೆ. ಹಿತ್ತಲಲ್ಲಿ ಮನೆಗೆ ತಾಗಿಸದೆ ಹೊಸ ಬಚ್ಚಲು, ಶೌಚಾಲಯ ಕಟ್ಟಿ ನಡುವೆ ಮುಚ್ಚಿಗೆ ಹಾಕಿದರು. ಜಂತೆ ಕೆಳಗೆ ಬಟ್ಟೆ ಕಟ್ಟಿದರು, ಮಣ್ಣು ಉದುರುವುದು ನಿಂತಿತು. ಗವಾಕ್ಷಿಗೆ ಗಾಜು ಕೂರಿಸಿದರು. ಏಪ್ರಿಲ್ ತಿಂಗಳಲ್ಲಿ ಪಕ್ಕದ ಆರ್‌ಸಿಸಿ ಮನೆಯವರು ರಾತ್ರಿ ಹೊರಗೆ ಜಗುಲಿ ಮೇಲೆ ಮಲಗುವಾಗ ಅಣ್ಣನ ಮಕ್ಕಳು ಒಳಗೆ ಹೊದ್ದು ಮಲಗಿದ್ದರು. ಎರಡಡಿ ಗೋಡೆ, ಒಂದಡಿ ಮಣ್ಣು. ಹಗಲಿನ ಬಿಸಿ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ.

ಕಂಬ ಮಾರಲಿಲ್ಲ. ರೋಹಿಣಿ ಮಳೆ ಬರುವ ಮೊದಲು ಬಚ್ಚಲ ಪಕ್ಕದ ಕಂಬ ಸರಿ ಮಾಡಿಸಬೇಕಿತ್ತು, ಅದರ ಬುಡ ಒಂದೂಕಾಲು ಅಡಿ ಕೊಳೆತಿತ್ತು. ಆಚಾರ್ರು ಎರಡು ದಿನ ಬಂದರು. ತೊಲೆ ಕೆಳಗೆ ಎರಡು ಸರ್ವೆ ಮರ ಕೊಟ್ಟು, ಲಾರಿ ಜಾಕಿ ಇಟ್ಟು, ಒಂದೊಂದೇ ನೂಲಿನಷ್ಟು ಎತ್ತಿದರು. ತೊಲೆ ಒಂದು ಸಲ ಕಿರ್ ಅಂತು, ದೊಡ್ಡಮ್ಮ ದೇವರ ಕೋಣೆಗೆ ಹೋಗಿ ನಿಂತರು. ಕೊಳೆತ ಭಾಗವನ್ನು ಮೆಟ್ಟಿಲಿನಂತೆ ಕತ್ತರಿಸಿ ತೆಗೆದು, ಬಿದ್ದುಹೋದ ಕೊಟ್ಟಿಗೆಯ ಹಳೇ ಸಾಗುವಾನಿ ತೊಲೆಯಿಂದ ಅಷ್ಟೇ ಉದ್ದದ ತುಂಡು ಕೊಯ್ದು, ಅದಕ್ಕೂ ಎದುರು ಮೆಟ್ಟಿಲು ತೆಗೆದು ಕೂರಿಸಿ ನೋಡಿದರು. ಕೂರಲಿಲ್ಲ. ಬಾಚಿಯಲ್ಲಿ ಒಂದು ಪದರ ತೆಗೆದರು. ಮತ್ತೆ ಕೂರಿಸಿದರು. ನಾಲ್ಕನೇ ಸಲಕ್ಕೆ ಸೇರಿತು, ಉಗುರು ತೂರುವಷ್ಟೂ ಸಂದಿಲ್ಲ.

ಗೂಟ ಹೊಡೆಯುವ ಮೊದಲು ನಾನು ಆ ಸೂತ್ರದ ವಿಷಯ ಹೇಳಿದೆ, ಹೊಸ ತುಂಡಿಗೆ ಗುರುತು ಹಾಕಬೇಕಂತೆ ಅಂತ. ಆಚಾರ್ರು ಏನೂ ಕೇಳಲಿಲ್ಲ. ತುಂಡನ್ನು ಮತ್ತೆ ಈಚೆ ತೆಗೆದು, ಒಳಮೈ ಮೇಲೆ, ಜೋಡಿಸಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ, ಸಣ್ಣ ಉಳಿ ಹಿಡಿದು ವರ್ಷ ಕೆತ್ತಿದರು. ಪಕ್ಕದಲ್ಲಿ ಒಂದು ಗೀಟು. "ಅದ್ಯಾಕೆ ಗೀಟು?" ಅಂದ ಅಣ್ಣ. "ಇದು ನನ್ನ ಮೊದಲ್ನೇ ಕಂಬ ಈ ಮನೇಲಿ" ಅಂದು ಕೊಡತಿ ಎತ್ತಿಕೊಂಡರು.